ಜಮಾ ಮಾತ್ರ ಬೇಕೆನ್ನುವವರ ಬ್ಯಾಂಕು

32 ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕುಳಿತವನು ನಾನು. ಕೊಡುತ್ತೇನೆಂದರೂ ಬೇಡವೆನ್ನುವ ಗಿರಾಕಿಗಳನ್ನು ಕಂಡದ್ದು ಮಾತ್ರ ನಿವೃತ್ತನಾಗಿ, ರಾಜಾಜಿನಗರದ ನಮ್ಮ ಅಡ್ಡರಸ್ತೆಯಲ್ಲಿ ಸಮಯದ ಬ್ಯಾಂಕು ತೆರೆದ ಮೇಲೆ.

ಲೆಕ್ಕ ಸುಲಭ. ನೆರೆಯವರಿಗೆ ಒಂದು ಗಂಟೆ ಕೆಲಸ ಮಾಡಿಕೊಟ್ಟವರಿಗೆ ಒಂದು ಗಂಟೆ ಜಮಾ, ಮಾಡಿಸಿಕೊಂಡವರಿಗೆ ಒಂದು ಗಂಟೆ ಖರ್ಚು. ಗಣಿತ ಹೇಳಿಕೊಟ್ಟರೂ ಅಷ್ಟೇ, ತೆಂಗಿನಕಾಯಿ ಸುಲಿದುಕೊಟ್ಟರೂ ಅಷ್ಟೇ. 1973ರಲ್ಲಿ ಜಪಾನಿನ ಒಸಾಕಾದಲ್ಲಿ ತೆರುಕೊ ಮಿಜುಶಿಮಾ ಎಂಬ ಮಹಿಳೆ ಇಂಥದ್ದೊಂದನ್ನು ಕಟ್ಟಿದರು. 1980ರಲ್ಲಿ ಹೃದಯಾಘಾತವಾಗಿ ಮಲಗಿದ್ದ ಅಮೆರಿಕದ ಎಡ್ಗರ್ ಕಾನ್ ಅವರಿಗೂ ಇದೇ ಯೋಚನೆ ಹೊಳೆಯಿತು. ಇದನ್ನೆಲ್ಲ ಎದುರು ಮನೆಯ ಅಜ್ಜಿಗೆ ವಿವರಿಸಿದೆ. ಮಳವಳ್ಳಿ ಕಡೆಯವರು. "ಇದು ಮುಯ್ಯಾಳಲ್ಲವೇನಪ್ಪ? ಇವತ್ತು ನಮ್ಮ ಗದ್ದೆ ನಾಟಿಗೆ ನೀವು, ನಾಳೆ ನಿಮ್ಮದಕ್ಕೆ ನಾವು. ಇದಕ್ಕೆ ಜಪಾನಿಗೆ ಹೋಗಬೇಕಿತ್ತೇ?" ಎಂದರು.

ಮೂರು ತಿಂಗಳಲ್ಲಿ 14 ಮನೆಗಳು ಸೇರಿದವು. ಎಲ್ಲರೂ ದುಡಿಯಲು ಸಿದ್ಧ, ಕೇಳುವವರು ಮಾತ್ರ ತೀರಾ ಅಪರೂಪ. ಆದರೆ ಈ ಬ್ಯಾಂಕಿನಲ್ಲಿ ಎಲ್ಲರ ಖಾತೆ ಕೂಡಿದರೆ ಬರುವುದು ಸೊನ್ನೆಯೇ. ಒಬ್ಬರ ಖರ್ಚಿಲ್ಲದೆ ಇನ್ನೊಬ್ಬರಿಗೆ ಜಮಾ ಎಲ್ಲಿಂದ ತರಲಿ? ಕೊನೆಯ ಮನೆಯ ಮೇಷ್ಟ್ರಂತೂ ಆರು ಗಂಟೆ ಪಾಠ ಹೇಳಿ, ತಮ್ಮ ಕಣ್ಣಿನ ತಪಾಸಣೆಗೆ ಒಬ್ಬರೇ ಆಟೊ ಹಿಡಿದು ಹೋದರು. ಕೇಳಿದರೆ, "ಈ ವಯಸ್ಸಿನಲ್ಲಿ ಋಣ ಹೊರಿಸಬೇಡಿ" ಎಂದರು. ಮದುವೆಮನೆಯಲ್ಲಿ ಬಂದ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಪೈಸೆ ಬಿಡದೆ ತೀರಿಸುವ ಜನ ನಾವು, ಅವರನ್ನು ಅನ್ನುವುದೇನು?

ಕೊನೆಗೆ ನಿಯಮ ಬದಲಿಸಿದೆ: ಏನನ್ನಾದರೂ ಕೇಳಿದವರಿಗೆ ಮಾತ್ರ ಖಾತೆ ಮುಂದುವರಿಯುತ್ತದೆ. ಮೊದಲು ಕೇಳಿದವರು ಅಜ್ಜಿಯೇ. ಅಟ್ಟದ ಮೇಲಿನ ಹಿತ್ತಾಳೆ ಹಂಡೆ ಇಳಿಸಬೇಕಿತ್ತು. ಮಹಡಿ ಮನೆಯ ಸಾಫ್ಟ್‌ವೇರ್ ಹುಡುಗ ಇಳಿಸಿ, ಹುಣಸೆಹಣ್ಣು ಹಾಕಿ ಉಜ್ಜಿಯೂ ಕೊಟ್ಟ. ಅವನು ಮೆಟ್ಟಿಲು ಇಳಿಯುವ ಮೊದಲೇ ಅಜ್ಜಿ ಒಂದು ಡಬ್ಬಿ ಕೋಡುಬಳೆ ಕೈಗಿಟ್ಟು, "ಲೆಕ್ಕ ಚುಕ್ತಾ ಎಂದು ಬರೆದುಬಿಡಪ್ಪ" ಎಂದು ನನಗೆ ಫೋನು ಮಾಡಿದರು. ಕೋಡುಬಳೆಯನ್ನು ಗಂಟೆಗೆ ಪರಿವರ್ತಿಸುವ ದರ ನನ್ನಲ್ಲಿರಲಿಲ್ಲ. ಖರ್ಚು ಬರೆದೆ. ಎರಡು ದಿನ ಮಾತು ಬಿಟ್ಟರು.

ಕಳೆದ ಭಾನುವಾರ ಮೇಷ್ಟ್ರು ಗೇಟಿನ ಬಳಿ ಬಂದು ನಿಂತರು. ಒಳಗೆ ಬರಲಿಲ್ಲ. ಮಂಗಳವಾರ ಕಣ್ಣಿನ ಪೊರೆ ತೆಗೆಯುತ್ತಾರಂತೆ, ಜೊತೆಗೆ ಯಾರಾದರೂ ಇರಬೇಕಂತೆ.

"ನಾನೇ ಬರುತ್ತೇನೆ ಮೇಷ್ಟ್ರೇ, ನಾಲ್ಕು ಗಂಟೆ ಹಾಕಿಕೊಳ್ಳುತ್ತೇನೆ" ಎಂದು ಪುಸ್ತಕ ತೆರೆದೆ.

"ಪೆನ್ಸಿಲ್ಲಿನಲ್ಲಿ ಬರೆಯಿರಿ" ಎಂದರು.