ಅವನೇ ಕೇಳಲಿ
ತಂಗಿಗೆ ರಜೆ ಸಿಗದ ಕಾರಣ ಈ ಮಂಗಳವಾರ ಅವಳ ಮಗನನ್ನು ಶಿಶುವಿಹಾರಕ್ಕೆ ನಾನೇ ಕರೆದೊಯ್ದು, ಮಿಸ್ ಅನುಮತಿ ಕೊಟ್ಟಿದ್ದರಿಂದ ತರಗತಿಯ ಮೂಲೆಯಲ್ಲಿ ಕುಳಿತಿದ್ದೆ. ಅವನಿಗೆ ಆಟಿಸಂ, ಅಂದರೆ ಮಾತು ಮತ್ತು ಒಡನಾಟದ ಬೆಳವಣಿಗೆಯಲ್ಲಿ ವ್ಯತ್ಯಾಸ, ಇದೆಯೆಂದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಗುರುತಿಸಿದ ಮೇಲೆ, ಎಲ್ಲ ಮಕ್ಕಳ ಜೊತೆಯಲ್ಲೇ ಅವನಿಗೂ ಕಲಿಸಲು ಒಪ್ಪಿದ ಶಾಲೆ ಇದು.

ತಿಂಡಿಯ ಹೊತ್ತಿಗೆ ಅವನು ಮುಚ್ಚಳ ಬಿಗಿಯಾಗಿದ್ದ ಡಬ್ಬಿ ಹಿಡಿದು ನಿಂತ. ಆಯಾ ಕೈ ಚಾಚಿದರು. "ಸ್ವಲ್ಪ ತಡೀರಿ, ಅವನೇ ಕೇಳಲಿ" ಎಂದ ಮಿಸ್, ಅವನ ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕುಳಿತು, ಅವನ ಮುಖ ನೋಡುತ್ತ ಸುಮ್ಮನಿದ್ದರು. ಪಕ್ಕದ ಹುಡುಗಿ, ಬೇಕಾದ್ದನ್ನು ಕೇಳಲು ಅವನು ಬಳಸುವ ಚಿತ್ರದ ಕಾರ್ಡುಗಳನ್ನು ಅವನತ್ತ ಸರಿಸಿದಳು. ಹಾಗೆ ಮಾಡಲು ಅವಳಿಗೆ ಮೊದಲೇ ಹೇಳಿಕೊಟ್ಟಿದ್ದರಂತೆ. ಅವನು ಒಂದು ಕಾರ್ಡನ್ನು ಮಿಸ್ ಅಂಗೈಗಿಟ್ಟು "ತೆ" ಎಂದ. ಡಬ್ಬಿ ತೆರೆಯಿತು.

ಅವರು ಸುಮ್ಮನಿದ್ದ ಆ ಹೊತ್ತು ವಾರವಿಡೀ ನನ್ನ ಕಣ್ಣ ಮುಂದಿದೆ. ನಮ್ಮ ಮನೆಯಲ್ಲಿ ಅವನು ಕೇಳುವ ಮೊದಲೇ ತುತ್ತು ಬಾಯಿಗೆ ಬರುತ್ತದೆ. ಆದರೆ ಅವನನ್ನು ತಪಾಸಣೆಗೆ ಕರೆದೊಯ್ಯುವ ವಿಷಯದಲ್ಲಿ ಮಾತ್ರ ಅಮ್ಮ, "ಗಂಡುಮಕ್ಕಳಿಗೆ ಮಾತು ತಡ, ತಾನಾಗಿ ಬರುತ್ತೆ" ಎನ್ನುತ್ತ ತಿಂಗಳುಗಟ್ಟಲೆ ಕಾಯಿಸಿದರು. ಮಕ್ಕಳ ವೈದ್ಯರೊಬ್ಬರೂ ಅದಕ್ಕೆ ತಲೆಯಾಡಿಸಿದ್ದು ನನಗೆ ಇನ್ನೂ ಅಸಮಾಧಾನ. 16ರಿಂದ 30 ತಿಂಗಳ ಮಕ್ಕಳಿಗೆಂದೇ ಆಟಿಸಂನ ಸುಳಿವು ಹುಡುಕುವ 20 ಪ್ರಶ್ನೆಗಳ ಎಂ-ಚಾಟ್ ಎಂಬ ಪರೀಕ್ಷಾಪಟ್ಟಿ ಇರುವಾಗ, ಅನುಮಾನ ಬಂದ ದಿನವೇ ಅದನ್ನು ಕೇಳಿ ನೋಡುವುದಕ್ಕೆ ಏನು ಅಡ್ಡಿಯಿತ್ತು? ಕಾರ್ಡು ತೋರಿಸುವುದು ರೂಢಿಯಾದರೆ ಮಾತೇ ಬರುವುದಿಲ್ಲವೆಂಬ ಭಯವೂ ಅಮ್ಮನಿಗಿದೆ. ಚಿತ್ರಗಳು ಮಾತನ್ನು ತಡೆಯುತ್ತವೆ ಎನ್ನುವುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ ಎಂದರೆ, "ನಿಮ್ಮ ಪುಸ್ತಕ ನೀವೇ ಇಟ್ಟುಕೊಳ್ಳಿ" ಎನ್ನುತ್ತಾರೆ.

ಮಾತು ಕಲಿಸುವ ಥೆರಪಿ ಕೋಣೆಯಲ್ಲಿ, ಮಗು ತಾನೇ ಏನನ್ನಾದರೂ ಕೇಳುವ ಸಂದರ್ಭವನ್ನು ಹುಟ್ಟಿಸಬೇಕಾಗುತ್ತದೆ. ತರಗತಿಯಲ್ಲಿ ಡಬ್ಬಿ, ಚಪ್ಪಲಿ, ಜಾರುಬಂಡೆಯ ಸರದಿ ಎಲ್ಲವೂ ದಿನವೂ ತಾವಾಗಿಯೇ ಅದನ್ನು ಒದಗಿಸುತ್ತವೆ, ಕೇಳಿಸಿಕೊಳ್ಳಲು ಓರಗೆಯ ಮಕ್ಕಳೂ ಇರುತ್ತಾರೆ. ಅಮೆರಿಕದ ಲೀಪ್ ಎಂಬ ಶಿಶುವಿಹಾರ ಪದ್ಧತಿ 1980ರ ದಶಕದಿಂದಲೂ ಇಂಥ ಸಹಪಾಠಿಗಳಿಗೇ ತರಬೇತಿ ಕೊಡುತ್ತ ಬಂದಿದೆ. ಆದರೆ ಯಾವಾಗ ಕಾಯಬೇಕು, ಯಾವಾಗ ನೆರವಾಗಬೇಕು ಎಂದು ತಿಳಿದ ಶಿಕ್ಷಕಿಯಿಲ್ಲದೆ ಮಗುವನ್ನು ಸುಮ್ಮನೆ ಬೆಂಚಿನ ತುದಿಗೆ ಕೂರಿಸಿದರೆ ಅದು ಹಾಜರಿಯಷ್ಟೇ ಆಗುತ್ತದೆ.

ಇಂಥ ಶಿಕ್ಷಕಿ ಸಿಗುವುದು ಸದ್ಯ ಅದೃಷ್ಟದ ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ತನ್ನ ವೈಕಲ್ಯಗಳ ಪಟ್ಟಿಗೆ ಸೇರಿಸಿದೆಯಾದರೂ, ಅದರಲ್ಲಿ ಹೇಳಿರುವ ಉಚಿತ ಶಿಕ್ಷಣದ ಹಕ್ಕು 6ರಿಂದ 18 ವರ್ಷದವರಿಗೆ. ತಂಗಿಯ ಮಗನಿಗೆ ಇನ್ನೂ ನಾಲ್ಕು ತುಂಬಿಲ್ಲ. ಮುಂದಿನ ವರ್ಷ ಅವನೊಬ್ಬನಿಗಾಗಿಯೇ ಪೋಷಕರ ಖರ್ಚಿನಲ್ಲಿ, ತರಗತಿಯಲ್ಲಿ ಪಕ್ಕದಲ್ಲೇ ಇದ್ದು ನೆರವಾಗುವ ಶ್ಯಾಡೋ ಟೀಚರ್ ಬೇಕಾಗಬಹುದೆಂದು ಶಾಲೆ ಸೂಚಿಸಿದೆ. ಆ ಹಣದಲ್ಲಿ ಆಯಾ ಅವರಿಗೂ ತರಬೇತಿ ಕೊಡಿಸಿ ಎಂದು ಸಭೆಯಲ್ಲಿ ಕೇಳುವಂತೆ ತಂಗಿಗೆ ಹೇಳಿದ್ದೇನೆ.