ಎರಡು ಬ್ಯಾಂಡ್‌ಗಳ ಅಳಿದುಳಿದವರು ಕಟ್ಟಿದ ಕಿಲ್‌ಸ್ವಿಚ್ ಎಂಗೇಜ್

ಅಮೆರಿಕದ ಮೆಟಲ್ ಸಂಗೀತ ತಂಡ ಕಿಲ್‌ಸ್ವಿಚ್ ಎಂಗೇಜ್‌ನ ಬಲವೆಲ್ಲ ಅದು ಹುಟ್ಟಿಕೊಂಡ ರೀತಿಯಲ್ಲೇ ಅಡಗಿದೆ ಎಂದು ನಾನು ನಂಬಿದ್ದೇನೆ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಓವರ್‌ಕಾಸ್ಟ್ ಮತ್ತು ಆಫ್ಟರ್‌ಶಾಕ್ ಎಂಬ ಎರಡು ಬ್ಯಾಂಡ್‌ಗಳಿದ್ದವು; ಹಾರ್ಡ್‌ಕೋರ್ ಪಂಕ್ ಎಂಬ ವೇಗದ, ಒರಟು ರಾಕ್ ಸಂಗೀತದ ಆವೇಶವನ್ನು ಹೆವಿ ಮೆಟಲ್‌ನ ಗಿಟಾರ್ ವಾದನದೊಂದಿಗೆ ಬೆಸೆಯುವ ಕೆಲಸವನ್ನು ಎರಡೂ ತಮ್ಮ ತಮ್ಮ ದಾರಿಯಲ್ಲಿ ಮಾಡುತ್ತಿದ್ದವು. 1998ರಲ್ಲಿ ಓವರ್‌ಕಾಸ್ಟ್ ಚದುರಿತು. ಅದರ ಬಾಸ್ ವಾದಕ ಮೈಕ್ ಡಿಆಂಟೋನಿಯೊ ಮರುವರ್ಷ ಆಫ್ಟರ್‌ಶಾಕ್‌ನ ಆಡಮ್ ಡಟ್‌ಕೆವಿಚ್ ಮತ್ತು ಗಿಟಾರ್ ವಾದಕ ಜೋಯಲ್ ಸ್ಟ್ರೋಟ್ಸೆಲ್ ಅವರ ಜೊತೆ ಸೇರಿದರು. ಗಾಯಕರಾಗಿ ಜೆಸ್ಸಿ ಲೀಚ್ ಬಂದರು; ಕಿಲ್‌ಸ್ವಿಚ್ ಎಂಗೇಜ್ ಹುಟ್ಟಿತು. ಅದೇ ವರ್ಷ ಓವರ್‌ಕಾಸ್ಟ್‌ನ ಗಾಯಕ ಬ್ರಯಾನ್ ಫೇರ್ ಷ್ಯಾಡೋಸ್ ಫಾಲ್ ಬ್ಯಾಂಡಿಗೆ ಹೋದರು. ಹೀಗೆ ಒಂದು ಬ್ಯಾಂಡಿನ ಒಡಕಿನಿಂದ, ಹಾರ್ಡ್‌ಕೋರ್ ಮತ್ತು ಮೆಟಲ್ ಬೆರೆತ ಮೆಟಲ್‌ಕೋರ್ ಶೈಲಿಯ ಎರಡು ಮುಖ್ಯ ತಂಡಗಳು ಲಾಭ ಪಡೆದವು.

ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಿಂದ ಬಂದ ಸುಮಧುರ ಡೆತ್ ಮೆಟಲ್‌ನ (ಗುಡುಗುವ ದನಿಯ ಉಗ್ರ ಮೆಟಲ್‌ಗೆ ಇಂಪಾದ ಗಿಟಾರ್ ರಾಗಗಳನ್ನು ಬೆರೆಸಿದ ಶೈಲಿ) ಪ್ರಭಾವ ಈ ಹೊಸ ತಂಡದ ಮೇಲೆ ಗಾಢವಾಗಿತ್ತು. ಆ ಊರಿನ ಇನ್ ಫ್ಲೇಮ್ಸ್ ಬ್ಯಾಂಡಿನ ಕಾರ್ಯಕ್ರಮಕ್ಕೆ ಮುನ್ನ ನುಡಿಸಿದ್ದೇ ಇವರ ಮೊದಲ ವೇದಿಕೆ. ಆರಂಭದಲ್ಲಿ ಡ್ರಮ್ಸ್ ನುಡಿಸುತ್ತಿದ್ದ ಆಡಮ್, 2002ರ ‘ಅಲೈವ್ ಆರ್ ಜಸ್ಟ್ ಬ್ರೀದಿಂಗ್’ ಆಲ್ಬಮ್ಮಿನ ನಿರ್ಮಾಪಕರೂ ಆಗಿದ್ದರು, ಅನಂತರ ಆಫ್ಟರ್‌ಶಾಕ್‌ನ ಹಳೆಯ ಒಡನಾಡಿ ಟಾಮ್ ಗೋಮ್ಸ್ ಅವರಿಗೆ ಡ್ರಮ್ಸ್ ಒಪ್ಪಿಸಿ ತಾವು ಗಿಟಾರಿಗೆ ಬಂದರು. ಆ ಆಲ್ಬಮ್ಮನ್ನು ಗಮನವಿಟ್ಟು ಕೇಳಿದರೆ, ಗಂಟಲು ಬಿರಿಯುವ ಕಿರುಚಾಟದಿಂದ ತೆರೆದ ದನಿಯ ಗಾಯನಕ್ಕೆ ಹಾಡು ಹೊರಳುವಾಗ ಎಲ್ಲಿಯೂ ಬೆಸುಗೆಯ ಗುರುತು ಕಾಣುವುದಿಲ್ಲ. ಅನುಕರಿಸಿದ ನೂರಾರು ತಂಡಗಳಲ್ಲಿ ಪಲ್ಲವಿಯ ಭಾಗ ಬೇರೆಲ್ಲಿಂದಲೋ ತಂದು ಅಂಟಿಸಿದಂತೆ ಕೇಳಿಸುತ್ತದೆ. ಇಲ್ಲಿ ಹಾಗಿಲ್ಲ, ಏಕೆಂದರೆ ಇವರು ಈ ಬೆಸುಗೆಯನ್ನು ಹಿಂದಿನ ಬ್ಯಾಂಡ್‌ಗಳಲ್ಲಿಯೇ ವರ್ಷಗಟ್ಟಲೆ ಹದಗೊಳಿಸಿದ್ದರು.

2002ರಲ್ಲೇ ಲೀಚ್ ಹೊರನಡೆದಾಗ, ಬ್ಲಡ್ ಹ್ಯಾಸ್ ಬೀನ್ ಷೆಡ್ ಬ್ಯಾಂಡಿನಿಂದ ಹೊವರ್ಡ್ ಜೋನ್ಸ್ ಬಂದರು, ಅವರ ಹಿಂದೆಯೇ ಅದೇ ಬ್ಯಾಂಡಿನ ಡ್ರಮ್ಸ್ ವಾದಕ ಜಸ್ಟಿನ್ ಫೋಲಿ ಕೂಡ. 2004ರ ‘ದಿ ಎಂಡ್ ಆಫ್ ಹಾರ್ಟೇಕ್’ ಆಲ್ಬಮ್ಮಿನ ಶೀರ್ಷಿಕೆ ಗೀತೆ ಗ್ರ್ಯಾಮಿ ನಾಮನಿರ್ದೇಶನ ಪಡೆಯಿತು. 2012ರಲ್ಲಿ ಜೋನ್ಸ್ ಬಿಟ್ಟರು, ಲೀಚ್ ಮರಳಿದರು. ಗಾಯಕ ಬದಲಾದರೆ ತಂಡವೇ ಬದಲಾಯಿತೆಂದು ಅಭಿಮಾನಿಗಳು ಎರಡು ಪಾಳಯಗಳಾಗುವುದು ನನಗೆ ಇಂದಿಗೂ ಬೇಸರ ತರುತ್ತದೆ. 2019ರ ‘ಅಟೋನ್‌ಮೆಂಟ್’ ಆಲ್ಬಮ್ಮಿನ ಒಂದು ಹಾಡಿನಲ್ಲಿ ಆ ಇಬ್ಬರೂ ಗಾಯಕರು ಜೊತೆಯಾಗಿಯೇ ಹಾಡಿದ್ದಾರೆ.