"ಇದು ನಿಜಾನಾ, ಸ್ವಲ್ಪ ನೋಡಿ ಹೇಳಿ"

ಪ್ರಶ್ನೆ ಬರುವ ರೀತಿ ಹೆಚ್ಚುಕಡಿಮೆ ಒಂದೇ. ಒಂದು ಲಿಂಕ್ ಅಥವಾ ಸ್ಕ್ರೀನ್‌ಶಾಟ್, ಅದರ ಕೆಳಗೆ "ಇದು ನಿಜಾನಾ?". ಹೌದು ಅಥವಾ ಇಲ್ಲ ಅಂದು ಮುಗಿಸಿದರೆ ನಾಳೆ ಬೆಳಿಗ್ಗೆ ಇನ್ನೊಂದು ಬಂದಿರುತ್ತದೆ. ಹಾಗಾಗಿ ನೋಡುವುದು ಹೇಗೆ ಅನ್ನುವುದನ್ನೇ ಇಲ್ಲಿ ಬರೆದಿದ್ದೇನೆ.

ಗಂಡಿನ ಬಗ್ಗೆ ವಿಚಾರಿಸಬೇಕಾದವರು ಗಂಡಿನ ಮನೆಗೇ ಹೋಗಿ "ಹುಡುಗ ಒಳ್ಳೆಯವನಾ?" ಅಂತ ಕೇಳುವುದಿಲ್ಲ. ಆಫೀಸಿನಲ್ಲಿ ಗುರುತಿನವರು ಯಾರಿದ್ದಾರೆ, ಎದುರುಮನೆಯವರು ಏನಂತಾರೆ ಅಂತ ಹೊರಗಿನಿಂದ ತಿಳಿದುಕೊಳ್ಳುತ್ತಾರೆ. ವೆಬ್‌ಸೈಟಿನ ವಿಷಯಕ್ಕೆ ಬಂದಾಗ ಮಾತ್ರ ಇಷ್ಟು ಜಾಣರಾದ ನಾವೇ ಗಂಡಿನ ಮನೆಯ ಹಾಲ್‌ನಲ್ಲಿ ಕೂತು, ಸೋಫಾ ಚೆನ್ನಾಗಿದೆ, ಕೇಸರಿಬಾತೂ ಚೆನ್ನಾಗಿದೆ ಅಂತ ಸಂಬಂಧ ಒಪ್ಪಿಕೊಂಡುಬಿಡುತ್ತೇವೆ.

ಸೋಫಾ ಅಂದದ್ದು ಬರೀ ತಮಾಷೆಗಲ್ಲ. 2002ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿ.ಜೆ. ಫಾಗ್ ತಂಡ 2,684 ಜನಕ್ಕೆ ಜೋಡಿ ವೆಬ್‌ಸೈಟ್ ತೋರಿಸಿ, ಯಾವುದು ಹೆಚ್ಚು ನಂಬಿಕೆಗೆ ಯೋಗ್ಯ, ಯಾಕೆ ಅಂತ ಕೇಳಿತು. ಬಂದ ಅಭಿಪ್ರಾಯಗಳಲ್ಲಿ ಶೇ. 46.1ರಷ್ಟು ಸೈಟಿನ ರೂಪ, ಬಣ್ಣ, ಅಕ್ಷರ, ಜೋಡಣೆಯ ಬಗ್ಗೆ ಇದ್ದವು. ಆಗ ಚೆಂದದ ಸೈಟ್ ಮಾಡಲು ಒಂದಿಷ್ಟು ದುಡ್ಡಾದರೂ ಬೇಕಿತ್ತು. ಈಗ ಅರ್ಧ ಗಂಟೆ ಸಾಕು.

ಇದಾದ ಮೇಲೆ ಅದೇ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಮಾಡಿದ ಅಧ್ಯಯನ ನನ್ನ ಪ್ರಕಾರ ಈ ವಿಷಯದಲ್ಲಿ ಎಲ್ಲಕ್ಕಿಂತ ಉಪಯೋಗದ್ದು. 45 ಜನರನ್ನು ಕಂಪ್ಯೂಟರ್ ಮುಂದೆ ಕೂರಿಸಿದರು: 10 ಮಂದಿ ಇತಿಹಾಸದಲ್ಲಿ ಪಿಎಚ್‌ಡಿ ಮಾಡಿದವರು, 10 ಮಂದಿ ವೃತ್ತಿಪರ ಫ್ಯಾಕ್ಟ್‌ಚೆಕರ್‌ಗಳು (ಸುದ್ದಿ ನಿಜವೋ ಸುಳ್ಳೋ ಅಂತ ಪರಿಶೀಲಿಸುವುದೇ ಕೆಲಸವಾದವರು), 25 ಮಂದಿ ಪದವಿ ವಿದ್ಯಾರ್ಥಿಗಳು. ಒಂದು ಪರೀಕ್ಷೆಯಲ್ಲಿ ಕೊಟ್ಟದ್ದು ಕನಿಷ್ಠ ವೇತನದ ಬಗ್ಗೆ ಬರೆಯುವ ಸೈಟು. ನಡೆಸುತ್ತಿದ್ದದ್ದು ಎಂಪ್ಲಾಯ್‌ಮೆಂಟ್ ಪಾಲಿಸೀಸ್ ಇನ್‌ಸ್ಟಿಟ್ಯೂಟ್. ಹೆಸರು ಗಂಭೀರ, ಪುಟ ಅಚ್ಚುಕಟ್ಟು, ವರದಿಗಳೂ ಇದ್ದವು. ಅಸಲಿಗೆ ಅದರ ಹಿಂದಿದ್ದದ್ದು ಬರ್ಮನ್ ಅಂಡ್ ಕಂಪನಿ, ಅಂದರೆ ವಾಷಿಂಗ್ಟನ್ನಿನಲ್ಲಿ ಆಹಾರ ಮತ್ತು ಪಾನೀಯ ಉದ್ಯಮದ ಪರ ಪ್ರಚಾರ ಮಾಡುವ ಸಂಸ್ಥೆ. ಹೋಟೆಲ್ ಕೆಲಸಗಾರರ ಸಂಬಳ ಏರಬಾರದು ಅನ್ನುವವರೇ ಸಂಬಳದ ಬಗ್ಗೆ "ಸಂಶೋಧನೆ" ಮಾಡುತ್ತಿದ್ದರು.

ಫ್ಯಾಕ್ಟ್‌ಚೆಕರ್‌ಗಳು ಅಷ್ಟೂ ಮಂದಿ ಇದನ್ನು ಹಿಡಿದರು. ಇತಿಹಾಸಕಾರರಲ್ಲೂ ವಿದ್ಯಾರ್ಥಿಗಳಲ್ಲೂ ಹಲವರು ಎಡವಿದರು. ಅವರೇನು ದಡ್ಡರಲ್ಲ, ಪುಟವನ್ನು ಮೇಲಿನಿಂದ ಕೆಳಗೆ ಶ್ರದ್ಧೆಯಿಂದ ಓದಿದರು. ಎಡವಟ್ಟಾದದ್ದೇ ಅಲ್ಲಿ. ಫ್ಯಾಕ್ಟ್‌ಚೆಕರ್‌ಗಳು ಪುಟವನ್ನು ಓದುವ ಮೊದಲೇ ಬಿಟ್ಟು, ಪಕ್ಕದಲ್ಲಿ ಹೊಸ ಟ್ಯಾಬ್ ತೆರೆದು, ಇವರು ಯಾರು ಅಂತ ಊರವರನ್ನು ಕೇಳಿದರು. ಇದಕ್ಕೆ ಲ್ಯಾಟರಲ್ ರೀಡಿಂಗ್ ಅನ್ನುತ್ತಾರೆ. ಅಡ್ಡ ಓದು ಅಂದರೂ ಸರಿಯೇ.

ಮಾಡುವುದು ಹೀಗೆ. ಸಂಸ್ಥೆಯ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಮೊದಲ ಪುಟದ ತುಂಬ ಅವರದೇ ಸೈಟು ಬಂದರೆ, ಒಂದು ಮೈನಸ್ ಚಿಹ್ನೆ, ಅದಕ್ಕೆ ಅಂಟಿಕೊಂಡಂತೆ ಇಂಗ್ಲಿಷಿನಲ್ಲಿ "ಸೈಟ್", ಕೋಲನ್, ಆಮೇಲೆ ಅವರ ವಿಳಾಸ ಸೇರಿಸಿ. ನಡುವೆ ಜಾಗ ಬಿಟ್ಟರೆ ಕೆಲಸ ಮಾಡುವುದಿಲ್ಲ. ಅವರ ಪುಟಗಳೆಲ್ಲ ಜರಡಿಯಲ್ಲಿ ಹೋಗಿ, ಬೇರೆಯವರು ಹೇಳಿದ್ದು ಮಾತ್ರ ಉಳಿಯುತ್ತದೆ. ಬಂದ ತಕ್ಷಣ ಮೊದಲನೆಯದನ್ನು ಒತ್ತಬೇಡಿ. ಎರಡು ಪುಟದಷ್ಟು ಫಲಿತಾಂಶಗಳ ಕೆಳಗಿನ ಸಣ್ಣ ಸಾಲುಗಳನ್ನು ಓದಿ, ಆಮೇಲೆ ಯಾವುದನ್ನು ತೆರೆಯಬೇಕು ಅಂತ ನಿರ್ಧರಿಸಿ.

ವಿಳಾಸವನ್ನು ಬಲದಿಂದ ಎಡಕ್ಕೆ ಓದಬೇಕು. ಶುರುವಿನ ಎಚ್‌ಟಿಟಿಪಿಎಸ್ ಭಾಗ ಬಿಟ್ಟು, ಮುಂದೆ ಸಿಗುವ ಮೊದಲ ಓರೆಗೆರೆಯವರೆಗೆ ಬನ್ನಿ, ಅಲ್ಲಿಂದ ಹಿಂದಕ್ಕೆ ನೋಡಿ. "ಕರ್ನಾಟಕ ಡಾಟ್ ಗವ್ ಡಾಟ್ ಇನ್" ಅಂತ ಮುಗಿದರೆ ಅದು ಸರ್ಕಾರದ್ದು, ಆ ಬಾಲ ಬೇರೆಯವರಿಗೆ ಸಿಗುವುದಿಲ್ಲ. "ಕರ್ನಾಟಕ ಡಾಟ್ ಗವ್ ಡಾಟ್ ಇನ್ ಡಾಟ್ ಏನೋಒಂದು ಡಾಟ್ ಕಾಮ್" ಅಂತಿದ್ದರೆ ಅದರ ಯಜಮಾನ ಆ ಏನೋಒಂದು. ಡಾಟ್ ಆರ್ಗ್ ಅಂದರೆ ಸೇವಾ ಸಂಸ್ಥೆ ಅನ್ನುವುದು ಹಳೇ ಭ್ರಮೆ, ದುಡ್ಡು ಕೊಟ್ಟ ಯಾರಿಗೂ ಅದು ಸಿಗುತ್ತದೆ. ವಿಳಾಸದ ಪಕ್ಕದ ಬೀಗದ ಚಿತ್ರವೂ ಅಷ್ಟೇ. ನಿಮ್ಮ ಮತ್ತು ಸೈಟಿನ ನಡುವಿನ ಮಾತು ಮೂರನೆಯವರಿಗೆ ಕೇಳಿಸುವುದಿಲ್ಲ ಅಂತ ಅದರ ಅರ್ಥ. ಆ ಕಡೆ ಕೂತಿರುವವನು ಕಳ್ಳನೋ ಸಾಚಾನೋ ಅಂತ ಅದಕ್ಕೆ ಗೊತ್ತಿಲ್ಲ. ಜನ ತಪ್ಪು ತಿಳಿಯುತ್ತಾರೆ ಅಂತಲೇ ಕ್ರೋಮ್ 2023ರಲ್ಲಿ ಬೀಗವನ್ನು ವಿಳಾಸಪಟ್ಟಿಯಿಂದ ತೆಗೆಯಿತು.

ಫೋಟೋ ಬಂದರೆ ಗೂಗಲ್ ಲೆನ್ಸ್‌ಗೆ ಹಾಕುವುದು ಎಲ್ಲರಿಗೂ ಗೊತ್ತು. ಆದರೆ ಅದು ತಾರೀಖಿನ ಪ್ರಕಾರ ಜೋಡಿಸಿ ಕೊಡುವುದಿಲ್ಲ. ಟಿನ್‌ಐ ಅನ್ನುವ ಸೈಟಿನಲ್ಲಿ "ಅತಿ ಹಳೆಯದು ಮೊದಲು" ಅಂತ ಆರಿಸಬಹುದು. ಅಲ್ಲಿ ಕಾಣುವ ದಿನಾಂಕ ಅವರ ಯಂತ್ರ ಆ ಚಿತ್ರವನ್ನು ಮೊದಲು ಕಂಡ ದಿನ, ಚಿತ್ರ ತೆಗೆದ ದಿನವಲ್ಲ. "ನಿನ್ನೆ ನಡೆದದ್ದು" ಅನ್ನುವ ಚಿತ್ರ 5 ವರ್ಷದ ಹಿಂದೆಯೇ ಅಲ್ಲಿದ್ದರೆ ಅಷ್ಟೇ ಸಾಕು. ಏನೂ ಸಿಗದಿದ್ದರೆ ನಿಜ ಅಂತಲ್ಲ: ಅಂಚು ಕತ್ತರಿಸಿ, ಎಡಬಲ ತಿರುಗಿಸಿ ಮತ್ತೆ ಹುಡುಕಿ. ಕನ್ನಡದ ಬರಹ ಮೆತ್ತಿದ್ದರೆ ಅದನ್ನು ಬಿಟ್ಟು ಬರೀ ಚಿತ್ರದ ಭಾಗ ಹಾಕಿ. ಅಂಗಡಿ ಬೋರ್ಡಿನ ಲಿಪಿ, ಗಾಡಿಯ ನಂಬರ್ ಪ್ಲೇಟು, ಪೊಲೀಸರ ಟೋಪಿ ನೋಡಿ. ಚಿತ್ರದುರ್ಗದ್ದು ಅನ್ನುವ ವಿಡಿಯೋದಲ್ಲಿ ಒಂದೇ ಒಂದು ಕನ್ನಡ ಬೋರ್ಡೂ ಕಾಣದಿದ್ದರೆ ಅಲ್ಲಿಗೇ ಅನುಮಾನ ಶುರುವಾಗಲಿ.

2018ರಲ್ಲಿ ಮಕ್ಕಳ ಕಳ್ಳರು ಅಂತ ಊರೂರು ಸುತ್ತಿದ ವಿಡಿಯೋ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ್ದ ಜಾಗೃತಿ ಚಿತ್ರ. ಕೊನೆಯಲ್ಲಿ ಮಗುವನ್ನು ವಾಪಸು ಬಿಡುವ ದೃಶ್ಯವಿತ್ತು, ಅದನ್ನು ಕತ್ತರಿಸಿದ್ದರು. ಆ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇದೇ ವದಂತಿಗೆ ಒಬ್ಬ ಎಂಜಿನಿಯರ್ ಬಲಿಯಾದರು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಮಾಡುವುದನ್ನು ಒಮ್ಮೆಗೆ 5 ಚಾಟ್‌ಗಳಿಗೆ ಇಳಿಸಿತು. 2012ರ ಆಗಸ್ಟ್‌ನಲ್ಲಿ ವದಂತಿಗೆ ಹೆದರಿ ಈಶಾನ್ಯದವರು ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದಾಗಲೂ ಸರ್ಕಾರ ಎಸ್ಸೆಮ್ಮೆಸ್ಸಿಗೆ ಹಾಕಿದ ಮಿತಿ ದಿನಕ್ಕೆ 5.

ವಾಟ್ಸಾಪ್ ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಕನಿಷ್ಠ 5 ಕೈ ದಾಟಿ ಬಂದಿದೆ ಅಂತ ಅರ್ಥ. 2020ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸಬಹುದು. ಆದರೆ ಕಾಪಿ ಮಾಡಿ ಅಂಟಿಸಿದರೆ ಗುರುತು ಅಳಿಸಿಹೋಗುತ್ತದೆ, ಅದಕ್ಕೇ ಬಾಣವಿಲ್ಲದ ಮಾತ್ರಕ್ಕೆ ಸಂದೇಶವನ್ನು ನಂಬುವಂತಿಲ್ಲ.

ಹಾಗಾದರೆ ಮೊದಲು ಬರೆದವನನ್ನೇ ಹಿಡಿಯಬಹುದಲ್ಲ ಅಂತ ಮುಂದಿನ ಪ್ರಶ್ನೆ. 2021ರ ಐಟಿ ನಿಯಮಗಳು ಅದನ್ನೇ ಕೇಳಿದವು, ವಾಟ್ಸಾಪ್ ದೆಹಲಿ ಹೈಕೋರ್ಟಿಗೆ ಹೋಯಿತು. ಒಬ್ಬನನ್ನು ಪತ್ತೆ ಮಾಡಲು ಎಲ್ಲರ ಸಂದೇಶಕ್ಕೂ ಗುರುತು ಹಾಕಿಡಬೇಕಾಗುತ್ತದೆ, ಅದರಿಂದ ಎಲ್ಲರ ಖಾಸಗಿತನಕ್ಕೂ ಧಕ್ಕೆ ಅನ್ನುವುದು ಅದರ ವಾದ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹಾಕಿದ್ದ ಅರ್ಜಿಯಲ್ಲಿ.

ಪರಿಶೀಲಿಸುವ ಕೆಲಸದಲ್ಲೂ ಖಾಸಗಿತನ ಸೋರುತ್ತದೆ. ವಾಟ್ಸಾಪ್‌ನಲ್ಲಿ ಫೋಟೋವಾಗಿ ಕಳಿಸಿದ ಚಿತ್ರದಲ್ಲಿ ತೆಗೆದ ಜಾಗ, ಸಮಯ ಉಳಿದಿರುವುದಿಲ್ಲ, ಆ್ಯಪ್ ಅದನ್ನು ಕಳಚಿಹಾಕುತ್ತದೆ. "ಒರಿಜಿನಲ್ ಬೇಕು, ಡಾಕ್ಯುಮೆಂಟ್ ಆಗಿ ಕಳಿಸಿ" ಅಂದರೆ ಎಲ್ಲವೂ ಬರುತ್ತದೆ, ಪರಿಶೀಲನೆಗೆ ಅದು ಚಿನ್ನ. ಆದರೆ ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೋ ತೆಗೆದವರ ಮನೆ ಎಲ್ಲಿದೆ ಅಂತಲೂ ಬರುತ್ತದೆ. ಆ ಫೈಲನ್ನು ಹಾಗೇ ಇನ್ನೊಬ್ಬರಿಗೆ ದಾಟಿಸಬೇಡಿ. ಸ್ಕ್ರೀನ್‌ಶಾಟ್ ಕಳಿಸುವಾಗ ಗ್ರೂಪಿನ ಹೆಸರು, ಫೋನ್ ನಂಬರ್ ಕತ್ತರಿಸಿ. ಗೀಚಿ ಮುಚ್ಚಿದರೆ ಕೆಲವೊಮ್ಮೆ ಬಣ್ಣದಡಿಯಲ್ಲಿ ಅಂಕಿ ಕಾಣುತ್ತದೆ. ಮನೆಯ ಮಕ್ಕಳಿರುವ ಫೋಟೋವನ್ನು ಹುಡುಕು ಯಂತ್ರಕ್ಕೆ ಹಾಕಲೇಬೇಡಿ. ಎಪಿಕೆ ಅಂತ ಮುಗಿಯುವ ಫೈಲನ್ನು (ಅದು ಫೋನಿಗೆ ಆ್ಯಪ್ ಹಾಕುವ ಫೈಲು), ಮದುವೆ ಆಮಂತ್ರಣವೇ ಆಗಿರಲಿ, "ನೋಡೋಣ" ಅಂತ ಕೂಡ ತೆರೆಯಬೇಡಿ.

ವಾಯ್ಸ್ ಮೆಸೇಜ್ ಎಲ್ಲಕ್ಕಿಂತ ಕಷ್ಟ, ಹುಡುಕಲು ಚಿತ್ರವೂ ಇಲ್ಲ ಪದವೂ ಇಲ್ಲ. ಪೆನ್ನು ಹಿಡಿದು ಕೇಳಿ, ಅದರಲ್ಲಿರುವ ಊರು, ಆಸ್ಪತ್ರೆ, ತಾರೀಖು ಬರೆದುಕೊಳ್ಳಿ. "ನಿನ್ನೆ ರಾತ್ರಿ", "ನಮ್ಮ ಪಕ್ಕದೂರಲ್ಲಿ" ಅಂತಷ್ಟೇ ಇದ್ದು ಹಾಳೆ ಖಾಲಿ ಉಳಿದರೆ ಅದು ಯಾವತ್ತೂ ಹಳಸದ ಮಾಲು. ಕಳಿಸಿದ್ದು ದೊಡ್ಡಪ್ಪ ಆಗಿದ್ದರೆ ಗ್ರೂಪಿನಲ್ಲಿ ಎಲ್ಲರೆದುರು ತಿದ್ದಬೇಡಿ. ಪ್ರತ್ಯೇಕವಾಗಿ ಫೋನ್ ಮಾಡಿ "ದೊಡ್ಡಪ್ಪ, ಇದು ನಿಮಗೆ ಯಾರು ಕಳಿಸಿದ್ರು?" ಅಂತ ಕೇಳಿ.